ರೇಷ್ಮೆ ಪಂಚೆಯ ಬೆವರು, ಬ್ಲೇಜರಿನ ಹೊಳಪು

ಪ್ರಶ್ನೆ: ಮದುವೆಗೆ ಉಟ್ಟ ಜರಿ ಅಂಚಿನ ರೇಷ್ಮೆ ಪಂಚೆ ಸೊಂಟದ ಹತ್ತಿರ ಬೆವರಿಗೆ ಹಳದಿಯಾಗಿದೆ. ಮನೆಯಲ್ಲೇ ಒಗೆಯಬಹುದೇ?

ಉತ್ತರ: ಬಣ್ಣದ ಅಂಚಿದ್ದರೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಅದರ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಡ್ರೈಕ್ಲೀನಿಂಗ್‌ಗೇ ಕೊಡಿ. ಹತ್ತದಿದ್ದರೆ ಅರ್ಧ ಬಕೆಟ್ ತಣ್ಣೀರಿಗೆ ರೇಷ್ಮೆ, ಉಣ್ಣೆಗೆಂದೇ ಸಿಗುವ ದ್ರವ ಸೋಪು ಎರಡು ಚಮಚ ಬೆರೆಸಿ, ಐದು ನಿಮಿಷ ಅದ್ದಿ, ಮೆಲ್ಲಗೆ ಆಡಿಸಿ, ಮೂರು ನೀರಿನಲ್ಲಿ ಜಾಲಿಸಿ. ಉಜ್ಜುವುದು, ಹಿಂಡುವುದು ಬೇಡ. ದಪ್ಪ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಹರವಿ. ಬಿಸಿಲಿಗೆ ಬಿಳಿ ರೇಷ್ಮೆ ಇನ್ನಷ್ಟು ಹಳದಿಯಾಗುತ್ತದೆ. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ: ರೇಷ್ಮೆ ಪ್ರೋಟೀನಿನ ಎಳೆ, ಕ್ಲೋರಿನ್ ಅದನ್ನೇ ತಿನ್ನುತ್ತದೆ. ಹಳೇ ಕಲೆ ಪೂರ್ತಿ ಹೋಗುತ್ತದೆಂಬ ಭರವಸೆ ಇಲ್ಲ. ಉಟ್ಟ ದಿನವೇ ಗಾಳಿಗೆ ಹಾಕಿ, ವಾರದೊಳಗೆ ಒಗೆದರೆ ಕಲೆ ಕೂರುವುದೇ ಇಲ್ಲ ಎನ್ನಬಹುದು.

ಜರಿಗೆ ಸೆಂಟ್ ತಾಗಿಸಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ (ಅದು ಹಿತ್ತಾಳೆ ಪಾತ್ರೆಯಲ್ಲ!). ಒಳಮೈ ಮೇಲೆ ಮಾಡಿ, ತೆಳು ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಪ್ಲಾಸ್ಟಿಕ್ ಕವರ್ ತೇವ ಹಿಡಿದಿಡುತ್ತದೆ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ.

ಪ್ರಶ್ನೆ: ಉಣ್ಣೆ ಬ್ಲೇಜರಿನ ಮೊಣಕೈ ಮಿರಮಿರ ಹೊಳೆಯುತ್ತಿದೆ. ಏನು ಮಾಡಲಿ?

ಉತ್ತರ: ತಿಕ್ಕಾಟಕ್ಕೋ, ನೇರ ಇಸ್ತ್ರಿಗೋ ಎಳೆಗಳು ಚಪ್ಪಟೆಯಾಗಿವೆ. ಒದ್ದೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒತ್ತದೆ ಬರೀ ಹಬೆ ತಾಗಿಸಿ, ಮೃದು ಬ್ರಷ್‌ನಿಂದ ಎಳೆ ಎಬ್ಬಿಸಿ. ಎಳೆಯೇ ಸವೆದಿದ್ದರೆ ಹೊಳಪು ಹೋಗದು.