ಹಪ್ಪಳ ದಾಟುತ್ತದೆ, ಉಪ್ಪಿನಕಾಯಿ ದಾಟುವುದಿಲ್ಲ

"ನೀವು ಕೇರಳದಲ್ಲಿರುವವರು, ಕನ್ನಡದವರಿಗೆ ಅಲ್ಲಿ ಮುದ್ರಾ ಸಾಲ ಕೊಡ್ತಾರಾ?" ಅಂತ ಕೇಳಿದೆಯಲ್ಲ ಮಾರಾಯ್ತಿ. ಕೊಡದೆ ಏನು? ಅದು ಸಣ್ಣ ಉದ್ಯಮದವರಿಗೆ ಬ್ಯಾಂಕು ಸಾಲ ಕೊಡಿಸುವ ಕೇಂದ್ರದ ಯೋಜನೆ, 2015ರಿಂದ ಇದೆ. ಬೆಂಗಳೂರಿಗೂ ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೂ ಒಂದೇ. ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ ಅಂದರೆ 5 ಲಕ್ಷದವರೆಗೆ. ಅಡವು ಕೇಳುವ ಹಾಗಿಲ್ಲ. ಸಣ್ಣ ಉದ್ಯಮ ಅಂತ ಸರಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪುಕ್ಕಟೆ. ಉಳಿದ ಕಾಗದಪತ್ರ ನಿಮ್ಮಲ್ಲಿಯ ಹಾಗೇ. ಕೆಲವು ಮಲಯಾಳದಲ್ಲಿರುತ್ತವೆ, ಅದೇನು ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಮನೆಯವರು ಅದನ್ನು ಓದುತ್ತಲೇ ಇದ್ದಾರೆ.

ತೊಡಕು ಬೇರೆಯೇ ಇದೆ. ನಾನು ಮಾಡುವುದು ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ನಮ್ಮ ಕಡೆಯ ಮಿಡಿಯ ಘಮ ನಿಮ್ಮ ಅಂಗಡಿ ಬಾಟಲಿಗೆ ಬರುವುದಿಲ್ಲ, ಬಿಡು. ಕೊಳ್ಳುವವರೆಲ್ಲ ಮಂಗಳೂರಿನವರು. ನಮಗೆ ಪೇಟೆ ಅಂದರೆ ಅದೇ, ಗಡಿಯ ತಲಪಾಡಿ ದಾಟಿದರೆ ಆಯಿತು. ತಿರುವನಂತಪುರ 500 ಕಿಲೋಮೀಟರಿಗೂ ಜಾಸ್ತಿ. ಆದರೆ ಜಿಎಸ್‌ಟಿ ಲೆಕ್ಕದಲ್ಲಿ ತಿರುವನಂತಪುರ ಒಳಗೆ, ಮಂಗಳೂರು ಹೊರಗೆ! ರಾಜ್ಯದ ಒಳಗೇ ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ತೆರಿಗೆ ಇರುವ ಸಾಮಾನು ಗಡಿ ದಾಟಿತೋ, ಒಂದು ಬಾಟಲಿಗೂ ಬೇಕು. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಅದು ಆರಾಮವಾಗಿ ಬಸ್ಸು ಹತ್ತುತ್ತದೆ. ಪಕ್ಕದ ಚೀಲದ ಉಪ್ಪಿನಕಾಯಿಗೆ ಜಿಎಸ್‌ಟಿ ನಂಬರು ಬೇಕು. ಬೀದರಿನವಳು ಚಾಮರಾಜನಗರಕ್ಕೆ ಕಳಿಸಿದರೆ ಯಾರೂ ಕೇಳುವುದಿಲ್ಲ, ಅಲ್ವಾ?

ಸಾಲಕ್ಕೆ ಇದು ಹೇಗೆ ಅಡ್ಡ ಬರುತ್ತದೆ ಅಂದರೆ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಎಲ್ಲಿ ಮಾರುತ್ತೀರಿ ಅಂತ ಬರೆಯಬೇಕು. ಮಂಗಳೂರು ಅಂದರೆ ಬ್ಯಾಂಕಿನವರು "ಜಿಎಸ್‌ಟಿ ಎಲ್ಲಿ?" ಅನ್ನುತ್ತಾರೆ. ಕಾಸರಗೋಡು ಅಂದರೆ "ಇಷ್ಟು ಉಪ್ಪಿನಕಾಯಿ ಇಲ್ಲಿ ಯಾರು ಕೊಳ್ಳುತ್ತಾರೆ?" ಎರಡೂ ಸರಿಯಾದ ಪ್ರಶ್ನೆಯೇ, ಅದೇ ಸಿಟ್ಟು ಬರುವುದು. ಜಿಎಸ್‌ಟಿಯಲ್ಲಿ ಸಣ್ಣವರಿಗೆ ಅಂತಲೇ ಮಾಡಿದ, ಲೆಕ್ಕಪತ್ರದ ತಲೆನೋವು ಕಡಿಮೆ ಇರುವ ಕಾಂಪೊಸಿಶನ್ ಸ್ಕೀಮು ಇದೆ. ಹೊರರಾಜ್ಯಕ್ಕೆ ಸಾಮಾನು ಮಾರುವವರಿಗೆ ಅದೂ ಸಿಗುವುದಿಲ್ಲ.

"ಹಾಗಾದರೆ ಕರ್ನಾಟಕದಲ್ಲೇ ಅರ್ಜಿ ಹಾಕು" ಅನ್ನಬೇಡ. ಒಲೆ ಇರುವುದು ಇಲ್ಲಿ, ಮಾವಿನಮರ ಇರುವುದು ಇಲ್ಲಿ. ನಾವು ಎಲ್ಲಿಂದಲೂ ಬಂದವರಲ್ಲ, ಗೆರೆ ಆಮೇಲೆ ಬಂದದ್ದು. ಕೊನೆಗೆ ಜಿಎಸ್‌ಟಿ ನಂಬರು ಮಾಡಿಸಿಯೇ ಸಾಲ ತೆಗೆದೆ. ಈಗ ಮಿಡಿ ಇಲ್ಲದ ಮಳೆಗಾಲದಲ್ಲೂ, ಒಂದು ಬಾಟಲಿ ಹೋಗದಿದ್ದರೂ, ಸೊನ್ನೆ ಅಂತ ರಿಟರ್ನ್ ತುಂಬಬೇಕು. ತುಂಬಿ ಕೊಡುವವನಿಗೆ ದುಡ್ಡು ಮಾತ್ರ ಸೊನ್ನೆ ಅಲ್ಲ.