ಬೆಂಗಳೂರು ಆಮೇಲೆ, ಮೊದಲು ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ

ಥೈರಾಯ್ಡ್, ಶುಗರ್, ಜೊತೆಗೆ ಕಾರಣವೇ ಗೊತ್ತಾಗದ ಸುಸ್ತು, ಕಾಲುರಿ, ಕೀಲುನೋವು. ಪಾವಗಡದಿಂದ ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಗೆ ಹೋಗಲಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಕಥೆಯೇ ಅನ್ನಿಸಿತು.

ನಾನು ಮಧುಗಿರಿಯವಳು. ಶುಗರ್‌ಗೆ ಊರಿನ ಡಾಕ್ಟರ್, ಥೈರಾಯ್ಡ್‌ಗೆ ತುಮಕೂರು, ಕೀಲುನೋವಿಗೆ ಬೆಂಗಳೂರು. ಮೂರು ಫೈಲು, ಮೂರು ಚೀಟಿ. ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಐರನ್ ಮಾತ್ರೆ ಎಲ್ಲಾ ಒಂದೇ ಅಂಗೈಗೆ ಹಾಕಿಕೊಂಡು ಕಾಫಿ ಜೊತೆ ನುಂಗುತ್ತಿದ್ದೆ. ಒಂದೇ ಸಲ ಮುಗಿಸಿದರೆ ಮರೆಯಲ್ಲ ಅಂತ.

ನಾನು ಕೆಟ್ಟಿದ್ದು ಅಲ್ಲೇ. ಕ್ಯಾಲ್ಸಿಯಂ, ಐರನ್ ಎರಡೂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಗೆ ಅಂಟಿಕೊಂಡು ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿಯೂ ಅಡ್ಡ ಬರುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಐರನ್‌ಗೆ 4 ಗಂಟೆ ಅಂತರ ಬೇಕು. ನನ್ನ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ರಕ್ತ ಪರೀಕ್ಷೆಯಲ್ಲಿ ಏರುವ ಅಂಕಿ) ಇಳಿಯಲೇ ಇಲ್ಲ. ಥೈರಾಯ್ಡ್ ಮಾತ್ರೆ ಡೋಸ್ 50 ಮೈಕ್ರೋಗ್ರಾಂ ಇದ್ದದ್ದು 75, ಆಮೇಲೆ 100 ಆಯಿತು. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಅಂತ ಡಾಕ್ಟರ್ ಕೇಳಿಯೂ ಇದ್ದರು. "ಇಲ್ಲ ಸಾರ್" ಅಂದೆ. ಕ್ಯಾಲ್ಸಿಯಂ ಬರೀ ಶಕ್ತಿಗೆ, ಅದನ್ನೇನು ಹೇಳೋದು ಅಂದುಕೊಂಡೆ. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿದ್ದು ಗೊತ್ತಾದರೆ ಬೇಜಾರಾಗ್ತಾರೆ ಅನ್ನೋ ಭಯ ಬೇರೆ. ಆ ಒಂದು "ಇಲ್ಲ"ಕ್ಕೆ ಎರಡು ವರ್ಷ ಹೋಯಿತು. ಕೂದಲು ಉದುರಿತು, ಮೆಟ್ಟಿಲು ಹತ್ತೋಕೂ ಆಗುತ್ತಿರಲಿಲ್ಲ. ಎಲ್ಲಾ ನಿನ್ನ ಮನಸ್ಸಿನ ಕಾಯಿಲೆ ಅಂದರು ಮನೆಯಲ್ಲಿ.

ಕೊನೆಗೆ ಮೆಡಿಕಲ್ ಶಾಪಿನ ಹುಡುಗಿ ಮೂರೂ ಚೀಟಿ ಒಟ್ಟಿಗೆ ನೋಡಿ, "ಅಕ್ಕಾ, ಇವನ್ನೆಲ್ಲ ಯಾವ್ಯಾವಾಗ ತಗೊಳ್ತೀರಾ?" ಅಂತ ಕೇಳಿದಳು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು, ಐರನ್ ರಾತ್ರಿಗೆ. ಕೆಲವೇ ವಾರದಲ್ಲಿ ಎದೆ ಡವಡವ, ಕೈ ನಡುಕ! ಮಾತ್ರೆ ಸರಿಯಾಗಿ ಮೈಗೆ ಹತ್ತತೊಡಗಿದ್ದರಿಂದ ಈಗ 100 ಜಾಸ್ತಿಯಾಗಿತ್ತು. ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು. ಅದಕ್ಕೇ, ಸಮಯ ಬದಲಿಸೋದಾದರೂ ಡಾಕ್ಟರಿಗೆ ಹೇಳಿಯೇ ಬದಲಿಸಿ.

ಬೆಂಗಳೂರು ಸದ್ಯಕ್ಕೆ ಬೇಡ. ನಾಲ್ಕನೇ ಫೈಲು ಬೇಡವೇ ಬೇಡ. ಮಾತ್ರೆ, ಟಾನಿಕ್, ನಾಟಿ ಔಷಧಿ, ಎಲ್ಲಾ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬ ಜನರಲ್ ಫಿಸಿಶಿಯನ್ ಮುಂದೆ ಸುರಿಯಿರಿ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಕೇಳಿ. ವರ್ಷಗಟ್ಟಲೆ ತಗೊಂಡರೆ ಅದು ಬಿ12 ಇಳಿಸಬಹುದು. ನನ್ನ ಕಾಲುರಿ ಅರ್ಧ ಅದರದ್ದೇ. ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ? ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೂ ಕೀಲು ಹಿಡಿದುಕೊಳ್ಳಬಹುದು. ಕಾಯಿಸಿದರೆ ಅದು ಹೋಗಲ್ಲ. ನೀರನ್ನೂ ಪರೀಕ್ಷೆ ಮಾಡಿಸಿ.

ನನ್ನ ಎಡಭುಜದ ಉರಿಗೆ ಇವತ್ತಿಗೂ ಯಾರೂ ಹೆಸರು ಹೇಳಿಲ್ಲ. ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ನೀವು ಮೊದಲು ಒಂದು ಹೇಳಿ: ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೆ ಇನ್ನೇನೇನು ನುಂಗುತ್ತೀರಿ?