ರಾತ್ರಿ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡುವಾಗ
ನರ್ಸ್ ಆಗಿ ರಾತ್ರಿ ಪಾಳಿಯಲ್ಲಿ ಫೋನ್ ಮಾಡಿದರೆ ಡಾಕ್ಟರ್ ಗದರುತ್ತಾರೆ, ಹೇಗೆ ಮಾತಾಡಲಿ ಎಂದು ಕೇಳಿದ್ದೀರಿ. ಮೊದಲು ಬಿಪಿ, ಪಲ್ಸ್ ಆಗಷ್ಟೇ ನೋಡಿಕೊಂಡಿರಿ, ಕೇಸ್ ಶೀಟ್ ಕೈಯಲ್ಲಿರಲಿ. ಆಮೇಲೆ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಕ್ರಮದಲ್ಲಿ ಹೇಳಿ: ಈಗ ಏನಾಗಿದೆ, ಹಿಂದೆ ಏನಿತ್ತು, ನಿಮಗೇನು ಅನ್ನಿಸುತ್ತದೆ, ಏನು ಬೇಕು. (ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಇದು!)

"ಸರ್, 12ನೇ ಬೆಡ್, ಬಿಪಿ 80/50, ಪಲ್ಸ್ 124. ನಿನ್ನೆ ಹೊಟ್ಟೆ ಆಪರೇಶನ್ ಆಗಿದೆ, ಸಂಜೆ ಬಿಪಿ 120/80 ಇತ್ತು. ಒಳಗೆ ರಕ್ತ ಹೋಗ್ತಿದೆಯೇನೋ ಅನ್ನಿಸ್ತಿದೆ. ಈಗಲೇ ಬಂದು ನೋಡ್ತೀರಾ?"

ಆ ಕೊನೆಯ ಮಾತನ್ನೇ ನಾವು ನುಂಗಿಬಿಡುತ್ತೇವೆ, ಅಲ್ವಾ? ಬಾಯಿಬಿಟ್ಟು ಕೇಳಿ.

ಫೋನಲ್ಲಿ ಹೇಳಿದ ಡೋಸನ್ನು ಬರೆದುಕೊಂಡು ವಾಪಸ್ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ನಿದ್ದೆಗಣ್ಣಲ್ಲಿ ಒಂದೇ ಥರ ಕೇಳುತ್ತವೆ. "ಒನ್ ಫೈವಾ ಸರ್?" ಎಂದು ಬಿಡಿಸಿ ಕೇಳಿ. ಗದರಿದರೂ ಪರವಾಗಿಲ್ಲ.